ತೊಂಬತ್ತನಾಲ್ಕನೆಯ ಕುಂಡ

ಕುಂಡದ ನಿಂಬೆಗೆ ನೀರು ಬೇಕೋ ಬೇಡವೋ ಎಂದು ತಿಳಿಯಲು ಜೆಲಿಂದಾ ಮಣ್ಣು ಮುಟ್ಟಿ ನೋಡುತ್ತಿರಲಿಲ್ಲ. ಕುಂಡದ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ ಕಿವಿಗೊಡುತ್ತಿದ್ದಳು. ಟಣ್ ಎಂದರೆ ಗಿಡಕ್ಕೆ ಬಾಯಾರಿದೆ. ದಪ್ ಎಂದರೆ ಇನ್ನೆರಡು ದಿನ ಏನೂ ಬೇಡ. ಐವತ್ತು ವರ್ಷ ಹೀಗೆ ಕುಟ್ಟಿ ಕುಟ್ಟಿ ಅವಳ ಬಲಗೈಯ ನಡುಬೆರಳ ಗೆಣ್ಣು ಗಂಟು ಕಟ್ಟಿಕೊಂಡಿತ್ತು. ಚರ್ಚಿನಲ್ಲಿ ಕೈ ಜೋಡಿಸಿದರೆ ಆ ಬೆರಳೊಂದು ಮಾತ್ರ ಜೊತೆಗಾರರಿಂದ ಮುನಿಸಿಕೊಂಡ ಹಾಗೆ ಬೇರೆ ನಿಲ್ಲುತ್ತಿತ್ತು. ಪಿಯೆವೆರೋಸಾ ಊರಿನವರಿಗೆ ಆಡಿಕೊಳ್ಳಲು ಅಷ್ಟು ಸಾಕು. "ಅವಳಿಗೆ ಮದುವೆ ಯಾಕಾಗ್ಲಿಲ್ಲ ಗೊತ್ತಾ? ನೋಡೋಕೆ ಬಂದ ಗಂಡುಗಳ ತಲೆ ಎಲ್ಲ ಕುಟ್ಟಿ ನೋಡಿದ್ಲು. ಒಂದು ಬಿಡದೆ ಎಲ್ಲಾ ಟಣ್ ಅಂದ್ವು."

ಅವಳ ಕಿವಿಗೂ ಈ ಮಾತು ಬಿದ್ದಿತ್ತು. "ಸುಳ್ಳೇನಲ್ಲ" ಎನ್ನುತ್ತಿದ್ದಳು.

ನಿಂಬೆಗಳು ಅವಳವಲ್ಲ, ಊರಿನ ಜಮೀನ್ದಾರರಾದ ತೊಲ್ದರೀನಿ ಮಾರ್ಕೀಸರ ಮನೆತನದವು. ಆ ಮನೆತನಕ್ಕೆ ಲುಕ್ಕಾ ಪಟ್ಟಣದ ಕೋಟೆಯೊಳಗೆ ಒಂದು ಅರಮನೆ, ಹೊರಗೆ ಮೂರು ವಿಲ್ಲಾ. ಚಳಿಗೆ ಪಟ್ಟಣ, ಜೂನ್ ಬಂದರೆ ಸಮುದ್ರದ ಹತ್ತಿರದ ವಿಲ್ಲಾ, ಸೆಕೆ ಏರಿದರೆ ಪಿಯೆವೆರೋಸಾದ ಗುಡ್ಡದ ವಿಲ್ಲಾ, ದ್ರಾಕ್ಷಿ ಕೊಯ್ಲಿಗೆ ಬಯಲಿನ ವಿಲ್ಲಾ. ವರ್ಷಕ್ಕೆ ನಾಲ್ಕು ಸಲ ಹಾಸಿಗೆಗಳು, ತಾಮ್ರದ ಪಾತ್ರೆಗಳು, ಮುತ್ತಜ್ಜಂದಿರ ಚಿತ್ರಪಟಗಳು, ಕೊನೆಗೆ ಒಂದು ಗಿಳಿಯ ಪಂಜರ, ಎಲ್ಲವೂ ಗಾಡಿ ಹತ್ತುತ್ತಿದ್ದವು. ಒಂದು ಕಡೆ ಕೂರಲಾರದವರಿಗೆ ಇಷ್ಟೊಂದು ಮನೆ ಯಾಕೆ ಎಂದು ಒಕ್ಕಲುಗಳು ತಮ್ಮತಮ್ಮಲ್ಲೇ ಕೇಳಿಕೊಳ್ಳುತ್ತಿದ್ದರು.

ಆಮೇಲೆ ಕಾಲ ಬೇರೆಯಾಯಿತು. ಸಮುದ್ರದ ವಿಲ್ಲಾ ಮೊದಲು ಹೋಯಿತು, ಸನ್ಯಾಸಿನಿಯರು ಅದನ್ನು ಕೊಂಡು ಮಕ್ಕಳ ವಿಶ್ರಾಂತಿಧಾಮ ಮಾಡಿದರು. ಯುದ್ಧ ಮುಗಿದ ಮೇಲೆ ಪಟ್ಟಣದ ಅರಮನೆಯಲ್ಲಿ ಮೂವರು ವಕೀಲರೂ ಒಬ್ಬ ಹಲ್ಲಿನ ಡಾಕ್ಟರೂ ಬಂದು ಕೂತರು. ಸಾವಿರದ ಒಂಬೈನೂರ ಐವತ್ತೆಂಟರಲ್ಲಿ ಬಯಲಿನ ವಿಲ್ಲಾವನ್ನು ಬೂಟು ಮಾಡಿಸುವ ಸಾಹುಕಾರನೊಬ್ಬ ಕೊಂಡ. ಪ್ರತಿ ಸಲವೂ ಮನೆಯೊಡತಿ ಮಾರ್ಕೇಸಾ ಒತ್ತಾವಿಯಾರ ಷರತ್ತು ಒಂದೇ: ಮನೆ ತೆಗೆದುಕೊಳ್ಳಿ, ನಿಂಬೆ ಕೊಡುವುದಿಲ್ಲ. ಮಕ್ಕಳಿಲ್ಲದ ಹೆಂಗಸು, ನಿಂಬೆಯ ಮೇಲಾದರೂ ಹಟ ಸಾಧಿಸಲಿ ಎಂದು ಕೊಳ್ಳುವವರೂ ಸುಮ್ಮನಾಗುತ್ತಿದ್ದರು. ಹೀಗೆ ಮಾರಿದ ಮನೆಗಳ ನಿಂಬೆಗಳೆಲ್ಲ ಗುಡ್ಡ ಹತ್ತಿ ಉಳಿದ ಒಂದು ವಿಲ್ಲಾಕ್ಕೆ ಬಂದು ಸೇರಿದವು. ಚಳಿಗಾಲಕ್ಕೆ ಗಿಡಗಳನ್ನು ಒಳಗಿಡುವ ಅಲ್ಲಿಯ ನಿಂಬೆಮನೆ ಅರವತ್ತು ಕುಂಡಗಳಿಗೆಂದು ಕಟ್ಟಿದ್ದು. ಈಗ ತೊಂಬತ್ತಮೂರು ಕುಂಡ. ಗುಡ್ಡದ ಮೇಲೆ ಚಳಿಯೂ ಬಯಲಿಗಿಂತ ಎರಡು ವಾರ ಮುಂಚೆ. ಮನೆತನ ಕುಗ್ಗಿದಷ್ಟೂ ಜೆಲಿಂದಾಳ ಕೆಲಸ ಹಿಗ್ಗಿತು.

ಕೆಲಸ ಕಲಿಸಿದ್ದು ಅವಳ ಅಪ್ಪ ಅಮೆರಿಗೊ. ಅವನೂ ನಿಂಬೆಯವನೇ, ಅವನ ಅಪ್ಪನೂ. ಹಿರಿಯ ಮಗ ಹದಿನೆಂಟರ ಯುದ್ಧದಿಂದ ವಾಪಸು ಬರಲಿಲ್ಲ, ಕಿರಿಯವನು ಫೋಸ್ಕೊ ಇನ್ನೂ ಆರರ ಹುಡುಗ. ನಡುವಿನ ಹತ್ತು ವರ್ಷದ ಹುಡುಗಿಯನ್ನೇ ಅಮೆರಿಗೊ ನಿಂಬೆಮನೆಗೆ ಕರೆದೊಯ್ದ. ಪಾರುಪತ್ಯಗಾರ ಮೂಗು ಮುರಿದ. "ಹೆಣ್ಣು ಮಕ್ಕಳು ಕೈ ಹಾಕಿದ್ರೆ ನಿಂಬೆ ಹುಳಿ ಆಗತ್ತೆ ಅಮೆರಿಗೊ" ಎಂದ. "ಅದಕ್ಕೇ ಕರ್ಕೊಂಡ್ಬಂದೆ ಸ್ವಾಮಿ, ಈ ವರ್ಷ ಹುಳಿ ಸಾಲದಾಗಿತ್ತು" ಎಂದ ಅಮೆರಿಗೊ. ಜೆಲಿಂದಾ ಅಲ್ಲಿಂದ ಹೊರಗೆ ಬರಲೇ ಇಲ್ಲ. ಕಹಿಗಡಲೆ ಬೇಯಿಸಿ ಅರೆದು ಬುಡಕ್ಕೆ ಗೊಬ್ಬರ ಹಾಕುವುದು, ಬಾವಿ ನೀರನ್ನು ಒಂದು ದಿನ ತೊಟ್ಟಿಯಲ್ಲಿ ಬಿಟ್ಟು ಚಳಿ ಮುರಿದ ಮೇಲೆ ಎರೆಯುವುದು, ಮಧ್ಯಾಹ್ನದ ಬಿಸಿಲಿಗೆ ನಿಂಬೆಮನೆಯ ಉದ್ದುದ್ದ ಕಿಟಕಿಗಳನ್ನು ತೆರೆದು ನಾಲ್ಕು ಗಂಟೆಗೆ ಸರಿಯಾಗಿ ಮುಚ್ಚುವುದು. ಎಲ್ಲಕ್ಕಿಂತ ಮೊದಲಿನದು, ಕೈ ಮುಷ್ಟಿ ಮಾಡಿ ಕುಟ್ಟಿ ಕೇಳುವುದು.

ವರ್ಷಕ್ಕೆ ಎರಡು ದಿನ ಮಾತ್ರ ಅವಳ ಕೈಗೆ ಮೀರಿದ ಕೆಲಸ. ಮೇ ತಿಂಗಳಲ್ಲಿ ಕುಂಡಗಳನ್ನು ಹೊರಗಿಡುವ ದಿನ, ಅಕ್ಟೋಬರಿನಲ್ಲಿ ಸಂತ ತೆರೇಸಳ ಹಬ್ಬದ ಹೊತ್ತಿಗೆ ಒಳಗಿಡುವ ದಿನ. ಮಣ್ಣು ತುಂಬಿದ ಸುಟ್ಟಮಣ್ಣಿನ ದೊಡ್ಡ ಕುಂಡ ಎಂದರೆ ಮುನ್ನೂರು ಕಿಲೋ. ಎರಡು ಗಳ, ನಡುವೆ ಸರಪಳಿ, ನಾಲ್ಕು ಹೆಗಲು. ಅಜ್ಜನ ಕಾಲದ ಕುಂಡಗಳಿಗೆ ಆರು. ಈ ಹೊರುವ ಕೆಲಸ ಒಕ್ಕಲುಗಳ ಬಿಟ್ಟಿ. ಬೆಳೆಯಲ್ಲಿ ಅರ್ಧ ಪಾಲು ಕೊಟ್ಟದ್ದು ಸಾಲದೆಂದು ಇದೂ ಒಂದು. ವಿಲ್ಲಾದ ಮಾಡಿನ ಮೇಲಿನ ಗಂಟೆ ಹೊಡೆಯುತ್ತಿತ್ತು, ಮನೆಗೆ ಇಬ್ಬರಂತೆ ಗಂಡಸರು ಲಾಯದ ಬಾಗಿಲಿನಿಂದ ಒಳಗೆ ಬರುತ್ತಿದ್ದರು, ಹುರುಳಿಕಾಯಿ ಬೀಜದ ಸಾರು ಕುಡಿದು ಸಂಜೆಗೆ ಲಾಯದ ಬಾಗಿಲಿನಿಂದಲೇ ಹೋಗುತ್ತಿದ್ದರು.

ಲಾಯದ ಬಾಗಿಲು ಯಾಕೆಂದರೆ ಮುಂದಿನ ಗೇಟು ಬೇರೆಯವರಿಗಲ್ಲ. ಊರಿನ ಚೌಕಕ್ಕೇ ಮುಖ ಮಾಡಿದ ದೊಡ್ಡ ಕಬ್ಬಿಣದ ಗೇಟು, ಅಲ್ಲಿಂದ ವಿಲ್ಲಾದ ಮೆಟ್ಟಿಲವರೆಗೆ ಎರಡು ಸಾಲು ಸೈಪ್ರೆಸ್ ಮರದ ದಾರಿ. ತೊಲ್ದರೀನಿಗಳ ಮನೆಗೆ ಮದುಮಗಳು ಬರುವಾಗ, ಮನೆಯಿಂದ ಹೆಣ ಹೋಗುವಾಗ, ಈ ಎರಡಕ್ಕೇ ಅದು ತೆರೆಯುವುದು. ಅವರೇ ದಿನನಿತ್ಯ ಪಕ್ಕದ ಚಿಕ್ಕ ಬಾಗಿಲಲ್ಲಿ ಓಡಾಡುತ್ತಿದ್ದರು. ಒಕ್ಕಲುಗಳಿಗೆ ಗುಡ್ಡವನ್ನು ಹಿಂದಿನಿಂದ ಸುತ್ತಿಕೊಂಡು ಬರುವ ಲಾಯದ ದಾರಿ, ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು.

ಮೂವತ್ತೊಂದರ ಫೆಬ್ರವರಿಯಲ್ಲಿ ಅಮೆರಿಗೊ ತೀರಿಕೊಂಡ, ನಿಂಬೆಮನೆಯ ಪಕ್ಕದ ತನ್ನ ಕೋಣೆಯಲ್ಲಿ. ಮೂರು ದಿನದಿಂದ ಮಳೆ ಹಿಡಿದಿತ್ತು. ಹೆಣವನ್ನು ಸಾಲುಮರದ ದಾರಿಯಲ್ಲಿ ಇಳಿಸಿದರೆ ಚರ್ಚು ಇನ್ನೂರು ಹೆಜ್ಜೆ. ಹತ್ತೊಂಬತ್ತರ ಫೋಸ್ಕೊ ಹೋಗಿ ಪಾರುಪತ್ಯಗಾರನನ್ನು ಕೇಳಿದ. ಅವನು ಒಳಗೆ ಹೋಗಿ ಮುದಿ ಮಾರ್ಕೇಸಾರನ್ನು, ಎಂದರೆ ಒತ್ತಾವಿಯಾರ ಅತ್ತೆಯನ್ನು, ಕೇಳಿ ಬಂದ. "ಗೇಟು ಮನೆಯವರದು. ನಿಮ್ಮ ದಾರಿ ನಿಮಗಿದೆ" ಎಂದ. ನಾಲ್ವರು ಪೆಟ್ಟಿಗೆ ಹೊತ್ತು ಲಾಯದ ದಾರಿ ಹಿಡಿದರು. ಮುಂದಿನ ಎಡ ಹೆಗಲು ಫೋಸ್ಕೊನದು. ಇಳಿಜಾರಿನಲ್ಲಿ ಅವನ ಕಾಲು ಜಾರಿತು, ಪೆಟ್ಟಿಗೆ ಕೆಳಗೆ ಬಿತ್ತು, ಮುಚ್ಚಳ ಸರಿಯಿತು. ನಲವತ್ತು ವರ್ಷ ಆ ಮನೆಯ ನಿಂಬೆ ಸಾಕಿದವನ ಮುಖಕ್ಕೆ ಕೆಸರು ಮೆತ್ತಿತು. ಜೆಲಿಂದಾ ಮೇಲುವಸ್ತ್ರದ ಅಂಚಿನಿಂದ ಅದನ್ನು ಒರೆಸಿದಳು.

ಫೋಸ್ಕೊ ಮಾರನೆಯ ದಿನವೇ ಬಟ್ಟೆ ಗಂಟು ಕಟ್ಟಿ ನದೀ ಪಕ್ಕದ ಕಾಗದದ ಕಾರ್ಖಾನೆಗೆ ಸೇರಿದ. "ನೀನೂ ಬಾರಕ್ಕ. ಇನ್ನೂ ಇವರ ಗಿಡಕ್ಕೆ ನೀರು ಹಾಕ್ತೀಯಾ?" ಎಂದ. ಜೆಲಿಂದಾ ಹೋಗಲಿಲ್ಲ. ಗಿಡಗಳು ಏನು ಮಾಡಿದ್ದವು? ಕಾದಾಡಿಕೊಂಡೇ ಬೆಳೆದಿದ್ದ ಅಕ್ಕತಮ್ಮ ಅಂದಿನಿಂದ ಕಾದಾಡುವುದನ್ನೂ ಬಿಟ್ಟರು. ಈಸ್ಟರಿಗೆ, ಕ್ರಿಸ್ಮಸ್ಸಿಗೆ ಒಟ್ಟಿಗೆ ಕೂತು ಉಣ್ಣುತ್ತಿದ್ದರು. ವಿಲ್ಲಾದ ಹೆಸರು ಊಟದ ಮೇಜಿಗೆ ಬರುತ್ತಿರಲಿಲ್ಲ.

ಅಮೆರಿಗೊ ಬಿಟ್ಟುಹೋದ ಆಸ್ತಿ ಒಂದೇ. ಯಾವಾಗಲೋ ಒಡೆದ ದೊಡ್ಡ ಕುಂಡವೊಂದನ್ನು ಪಾರುಪತ್ಯಗಾರ ಎಸೆಯಲು ಹೇಳಿದ್ದ. ಅವನು ಅದಕ್ಕೆ ಕಬ್ಬಿಣದ ತಂತಿ ಸುತ್ತಿ ಬಿಗಿದು, ತಾನೇ ಕಸಿ ಮಾಡಿದ ಗಿಡವೊಂದನ್ನು ನೆಟ್ಟು, ಬಾವಿಕಟ್ಟೆಯ ಹಿಂದೆ ಇಟ್ಟುಕೊಂಡಿದ್ದ. ಮನೆಯ ಪಟ್ಟಿಯಲ್ಲಿ ಈಗ ತೊಂಬತ್ತಮೂರು. ಇದು ಪಟ್ಟಿಯಲ್ಲಿಲ್ಲದ ತೊಂಬತ್ತನಾಲ್ಕನೆಯದು. ಊರಿನಲ್ಲಿ ಎಲ್ಲರೂ ಅದನ್ನು ಅಮೆರಿಗೊನ ಕುಂಡ ಎಂದೇ ಕರೆಯುತ್ತಿದ್ದರು.

ಅರವತ್ತನಾಲ್ಕರಲ್ಲಿ ಪಾಲಿನ ಬೇಸಾಯ ಇನ್ನು ಹೊಸದಾಗಿ ಕೂಡದು ಎಂದು ಕಾಯ್ದೆ ಬಂತು. ಅದು ಬರುವ ಮುಂಚೆಯೇ ಪಿಯೆವೆರೋಸಾದ ಒಕ್ಕಲುಗಳು ಅರ್ಧಕ್ಕರ್ಧ ಕಾಗದದ ಕಾರ್ಖಾನೆ ಸೇರಿಯಾಗಿತ್ತು, ಉಳಿದವರು ಆಮೇಲೆ ಹೋದರು. ಪಾರುಪತ್ಯಗಾರನೂ ಇಲ್ಲ, ಬಿಟ್ಟಿಯೂ ಇಲ್ಲ. ಆ ಅಕ್ಟೋಬರಿನಲ್ಲಿ ಕೊನೆಯ ಎರಡು ಒಕ್ಕಲು ಮನೆಗಳ ಗಂಡಸರು ಏದುಸಿರು ಬಿಡುತ್ತ ಒಂಬತ್ತು ದಿನ ಹೊತ್ತು ಹೇಗೋ ಮುಗಿಸಿದರು. ಅರವತ್ತೈದರಲ್ಲಿ ಅವರೂ ಇರಲಿಲ್ಲ.

ಜೆಲಿಂದಾಳ ಬದುಕಿನಲ್ಲಿ ನಡೆದದ್ದು ಬಹಳವಿಲ್ಲ. ಐವತ್ತೇಳು ವರ್ಷದವರೆಗೆ ಮೇಲೆ ಹೇಳಿದ್ದಷ್ಟೆ. ಹೇಳಬೇಕಾದ್ದು ಆ ಅರವತ್ತೈದರ ನಾಲ್ಕು ದಿನ.

ಸಂತ ತೆರೇಸಳ ಹಬ್ಬ ಕಳೆದು ಹತ್ತು ದಿನವಾಗಿತ್ತು. ಚಿಕ್ಕ ಕುಂಡಗಳನ್ನು ಜೆಲಿಂದಾ ಒಬ್ಬಳೇ ಕೈಗಾಡಿಯಲ್ಲಿ ತಳ್ಳಿ ಒಳಗಿಟ್ಟಳು. ಅವು ಹತ್ತೊಂಬತ್ತು. ಸೊಂಟ ಹಿಡಿದು ಎರಡು ದಿನ ಮಲಗಿದಳು. ಎದ್ದು ನೋಡಿದರೆ ಉತ್ತರದ ಬೆಟ್ಟಗಳ ನೆತ್ತಿಯ ಮೇಲೆ ಹಿಮ ಬೆಳ್ಳಗೆ ಕೂತಿದೆ, ಗಾಳಿ ಅತ್ತಲಿಂದಲೇ ತಿರುಗಿದೆ. ಇನ್ನು ಒಂದು ವಾರ, ಹೆಚ್ಚೆಂದರೆ. ನಿಂಬೆ ಎಲೆಗೆ ಒಂದು ಮುಂಜಾನೆಯ ಹಿಮ ತಾಗಿದರೆ ಬುಡದವರೆಗೆ ಹೋಯಿತು. ಇನ್ನೂರು ವರ್ಷದ ಗಿಡಗಳು ಅಲ್ಲಿದ್ದವು. ಅಮೆರಿಗೊನದೂ ಇತ್ತು. ಜೆಲಿಂದಾಳಿಗೆ ಹೆದರಿಕೆಯಾಯಿತು.

ನವೆಂಬರ್ ಒಂದು, ಎಲ್ಲ ಸಂತರ ಹಬ್ಬ. ಪೂಜೆ ಮುಗಿಸಿ ಅವಳು ನೇರ ಚೌಕದ ಕಾಫಿ ಅಂಗಡಿಗೆ ಹೋದಳು. ಹೊರಗಿನ ಮೇಜಿನಲ್ಲಿ ಫೋಸ್ಕೊ ಮೂವರೊಂದಿಗೆ ಇಸ್ಪೀಟಾಡುತ್ತಿದ್ದ. ಐವತ್ತಮೂರು ವಯಸ್ಸು, ಕಾರ್ಖಾನೆಯಲ್ಲಿ ಕಾರ್ಮಿಕ ಸಂಘದ ಮುಂದಾಳು. ಊರಿನ ಗಂಡಸರು ಅವನು ಕೆಮ್ಮಿದರೆ ತಿರುಗಿ ನೋಡುತ್ತಿದ್ದರು.

"ಫೋಸ್ಕೊ, ಒಂದ್ನಿಮಿಷ ಈ ಕಡೆ ಬಾ."

"ಇಲ್ಲೇ ಹೇಳಕ್ಕ. ಇವರಿಗೆ ಗೊತ್ತಿಲ್ಲದ್ದು ಏನಿದೆ?"

"ಕುಂಡಗಳು ಇನ್ನೂ ಹೊರಗಿವೆ."

"ಗೊತ್ತು. ನಿನ್ನ ಸೊಂಟ ಹಿಡಿದಿದ್ದೂ ಗೊತ್ತು." ಅವನು ಎಲೆ ಎಸೆದ. "ನೀನೇ ಬಂದ್ಯಾ, ಮಾರ್ಕೇಸಾ ಕಳಿಸಿದ್ಲಾ?"

"ನಾನೇ ಬಂದೆ. ಬಿಟ್ಟಿ ಬೇಡ ಕಣೋ. ಕೂಲಿ ಕೊಡ್ತಾರೆ, ನಾನು ಕೇಳ್ತೀನಿ."

"ನಮಗೆ ಸಂಬಳ ಕಾರ್ಖಾನೆಯವರು ಕೊಡ್ತಾರೆ. ಅವಳ ಕೂಲಿ ಯಾರಿಗೆ ಬೇಕು?"

"ಮತ್ತಿನ್ನೇನು ಬೇಕು? ಗಿಡದ ಮೇಲೆ ಸೇಡು ತೀರಿಸ್ಕೊಳ್ತೀಯಾ? ನಾಚಿಕೆ ಆಗಲ್ವಾ ನಿಂಗೆ?"

ಫೋಸ್ಕೊ ಇಸ್ಪೀಟು ಕೆಳಗಿಟ್ಟ. ಮೇಜಿನ ಉಳಿದವರು ಎಲೆ ನೋಡುವ ನೆಪ ಮಾಡಿದರು. "ನಾಲ್ಕನೇ ತಾರೀಕು ಸರ್ಕಾರಿ ರಜ" ಎಂದ. "ಇಪ್ಪತ್ತು ಜನರನ್ನ ಕರ್ಕೊಂಡ್ಬರ್ತೀನಿ. ಕಾಸು ಬೇಡ, ಸಾರೂ ಬೇಡ. ಮುಂದಿನ ಗೇಟು ತೆಗೀಲಿ. ಎರಡೂ ಕದ. ನಾವು ಸಾಲುಮರದ ದಾರೀಲಿ ಬರ್ತೀವಿ, ಅದರಲ್ಲೇ ಹೋಗ್ತೀವಿ."

ಎದುರು ಕೂತಿದ್ದ ಮುದುಕ ಸಾಂತಿ ಎಲೆಗಳ ಮೇಲಿಂದ ಕಣ್ಣೆತ್ತಿದ. ಮೂವತ್ತೊಂದರಲ್ಲಿ ಪೆಟ್ಟಿಗೆಯ ಹಿಂದಿನ ಹೆಗಲು ಅವನದು. ಆದರೂ ಅವನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. "ಅಲ್ಲಯ್ಯಾ, ಆ ಗೇಟಲ್ಲಿ ಹೋಗೋಕೆ ಮದುಮಗಳಾಗಿರ್ಬೇಕು, ಇಲ್ಲ ಹೆಣ ಆಗಿರ್ಬೇಕು. ನಾವು ಯಾವುದು? ಹೆಣ ಅಂದ್ರೆ ನಾನೊಬ್ಬ ಸರಿಹೋಗ್ತೀನಿ. ಫೋಸ್ಕೊಗೆ ಮುಸುಕು ಹಾಕಣ."

ಎಲ್ಲರೂ ನಕ್ಕರು, ಫೋಸ್ಕೊ ನಗಲಿಲ್ಲ.

"ಅವರು ಒಪ್ಪಲ್ಲ" ಎಂದಳು ಜೆಲಿಂದಾ.

"ಒಪ್ಪದಿದ್ರೆ ಬೇಡ. ನಿಂಬೆ ಅಂಗಡೀಲೂ ಸಿಗತ್ತೆ."

ಮಾರ್ಕೇಸಾ ಒತ್ತಾವಿಯಾ ಆ ಹೊತ್ತಿಗೆ ಇಪ್ಪತ್ತೆಂಟು ಕೋಣೆಗಳ ವಿಲ್ಲಾದಲ್ಲಿ ಎರಡರಲ್ಲಿ ಬದುಕುತ್ತಿದ್ದರು: ಮಲಗುವ ಕೋಣೆ, ಅಡುಗೆಮನೆ. ಒಲೆ ಉರಿಯುತ್ತಿದ್ದದ್ದು ಅಡುಗೆಮನೆಯಲ್ಲಿ ಮಾತ್ರ. ಜೆಲಿಂದಾ ಹೋದಾಗ ಗಂಡನ ಬೇಟೆಯ ಕೋಟು ತೊಟ್ಟು, ಚೆಸ್ಟ್‌ನಟ್ ಹಿಟ್ಟಿನ ರೊಟ್ಟಿಯನ್ನು ಮನೆತನದ ಲಾಂಛನವಿದ್ದ ತಟ್ಟೆಯಲ್ಲಿ ಚಾಕುವಿನಿಂದ ಕತ್ತರಿಸಿ ತಿನ್ನುತ್ತಿದ್ದರು. ಅರವತ್ತೈದು ವಯಸ್ಸಾದರೂ ಬೆನ್ನು ಇನ್ನೂ ನೆಟ್ಟಗಿತ್ತು. ಷರತ್ತು ಕೇಳಿ ಚಾಕು ಕೆಳಗಿಟ್ಟರು.

"ಆ ಗೇಟಲ್ಲಿ ನಾನು ಬಂದೆ, ನಮ್ಮತ್ತೆ ಹೋದ್ರು, ಆಮೇಲೆ ನಮ್ಮ ಯಜಮಾನ್ರು ಹೋದ್ರು. ಇನ್ನು ಒಂದೇ ಸಲ ತೆಗೀಬೇಕಾಗಿರೋದು. ನಾನು ಹೋಗುವಾಗ."

"ಗಿಡ ಸಾಯ್ತವೆ, ಸಿನ್ಯೋರಾ ಮಾರ್ಕೇಸಾ."

"ಜನ ಬರ್ತಾರೆ. ಯಾವಾಗ್ಲೂ ಬಂದಿದಾರೆ. ನಾಳೆ ಬೆಳಿಗ್ಗೆ ಗಂಟೆ ಹೊಡಿ."

"ಗಂಟೆಗೆ ಈಗ ಯಾರೂ..."

"ಗಂಟೆ ಹೊಡಿ ಜೆಲಿಂದಾ."

ಮೂರು ಮನೆ ಮಾರಿದವರಿಗೆ ಹೊರಗೆ ಕಾಲ ಬದಲಾದದ್ದು ತಿಳಿಯದೆ ಇರುತ್ತದೆಯೇ ಎಂದು ನೀವು ಕೇಳಬಹುದು. ತಿಳಿದಿತ್ತು. ಆದರೆ ಗಂಟೆ ಹೊಡೆದರೆ ಜನ ಬರುತ್ತಾರೆ ಎನ್ನುವುದು ಅವರಿಗೆ ಕಾಲದ ಮಾತಾಗಿರಲಿಲ್ಲ, ನೀರು ಕೆಳಕ್ಕೆ ಹರಿಯುತ್ತದೆ ಎನ್ನುವಂಥ ಮಾತಾಗಿತ್ತು. ಇಂಥ ತಪ್ಪು ಮಾಡಬೇಕಾದರೆ ನಾನೂರು ವರ್ಷ ಮಾರ್ಕೀಸರಾಗಿರಬೇಕು.

ಮಾರನೆಯ ದಿನ ಸತ್ತವರ ಹಬ್ಬ. ಊರಿಗೆ ಊರೇ ಸೇವಂತಿಗೆ ಹಿಡಿದು ಸಮಾಧಿಗಳ ಹತ್ತಿರ ನಿಂತಿತ್ತು. ಎಂಟು ಗಂಟೆಗೆ ಜೆಲಿಂದಾ ಮಾಡಿಗೆ ಹತ್ತಿ ಹಗ್ಗ ಎಳೆದಳು. ಬರುವುದಿಲ್ಲ ಎಂದು ಗೊತ್ತಿದ್ದೂ ಎಳೆದಳು, ಅದು ಅವಳಿಗೆ ಬಹಳ ಅವಮಾನವೆನಿಸಿತು. ಸ್ಮಶಾನದಲ್ಲಿ ಎಲ್ಲರ ತಲೆಯೂ ಗುಡ್ಡದ ಕಡೆ ತಿರುಗಿತು. ಅಮೆರಿಗೊನ ಕಲ್ಲಿನ ಎದುರು ನಿಂತಿದ್ದ ಫೋಸ್ಕೊ ತಿರುಗಲಿಲ್ಲ. ಹೊಡೆತದ ಲಯದಲ್ಲೇ ಅಕ್ಕನ ಕೈ ಎಂದು ಗುರುತು ಹಿಡಿದಿದ್ದ.

"ಇವತ್ತು ಸತ್ತವರ ದಿನ ಅಲ್ವಾ" ಎಂದ. "ಅವರನ್ನೇ ಕರೀತಿರ್ಬೇಕು. ಬದುಕಿರೋರು ಹೋಗಲ್ಲ."

ಮಾರ್ಕೇಸಾ ಲಾಯದ ಅಂಗಳದಲ್ಲಿ ಒಂಬತ್ತು ಗಂಟೆವರೆಗೆ ನಿಂತರು, ಹತ್ತು ಗಂಟೆವರೆಗೆ ಕುರ್ಚಿ ಹಾಕಿಸಿಕೊಂಡು ಕೂತರು. ಒಂದು ನಾಯಿ ಬಂತು, ಮೂಸಿ ಹೋಯಿತು. ಅವರು ಎದ್ದು ಒಳಗೆ ಹೋದರು.

ಮೂರನೆಯ ತಾರೀಕು ಬೆಳಿಗ್ಗೆ ತೊಟ್ಟಿಯ ನೀರಿನ ಮೇಲೆ ಕೆನೆಯಷ್ಟು ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಜೆಲಿಂದಾ ಬೆರಳಿಂದ ಮುಟ್ಟಿದಳು, ಮುರಿಯಿತು. ಹಿಂದಿನ ಸಂಜೆಯೇ ಅವಳು ವಿಲ್ಲಾದ ಅಟ್ಟದಲ್ಲಿದ್ದ ಹಳೆಯ ಪರದೆ, ಮೇಜುವಸ್ತ್ರ, ಹಾಸಿಗೆಯ ಹೊದಿಕೆಗಳನ್ನೆಲ್ಲ ತಂದು ದೊಡ್ಡ ಗಿಡಗಳಿಗೆ ಹೊದಿಸಿದ್ದಳು. ತೋಟದ ತುಂಬ ರೇಷ್ಮೆ ಹೊದ್ದ ದೆವ್ವಗಳು ನಿಂತ ಹಾಗಿತ್ತು. ಬಟ್ಟೆ ಸಾಲದೆ ಗೋಡೆಬದಿಯ ಮೂರು ಗಿಡ ಹಾಗೇ ಉಳಿದಿದ್ದವು. ಅವುಗಳ ತುದಿಯ ಎಲೆಗಳು ದೋಣಿಯಂತೆ ಮಡಚಿಕೊಂಡಿದ್ದವು. ಅವಳು ಒಂದನ್ನು ಅಂಗೈಯಲ್ಲಿ ಹಿಡಿದು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟಳು. ಅಪ್ಪ ಸತ್ತಾಗಲೂ ಇಷ್ಟು ಅತ್ತಿರಲಿಲ್ಲ.

ಹೆಜ್ಜೆ ಸಪ್ಪಳವಾಯಿತು. ಬೇಟೆಯ ಕೋಟು, ಕೈಯಲ್ಲಿ ಬಟ್ಟೆ ಸುತ್ತಿದ ಏನೋ. ಮಾರ್ಕೇಸಾ ಮಡಚಿದ ಎಲೆಗಳನ್ನು ನೋಡಿದರು, ಜೆಲಿಂದಾಳನ್ನು ನೋಡಿದರು.

"ಎಷ್ಟು ಹೋದ್ವು?"

"ಮೂರಕ್ಕೆ ತಾಗಿದೆ. ಉಳೀಬಹುದು. ಇನ್ನೊಂದು ಬೆಳಿಗ್ಗೆ ಹೀಗೇ ಆದ್ರೆ ಯಾವುದೂ ಉಳಿಯಲ್ಲ."

ಮಾರ್ಕೇಸಾ ಬಟ್ಟೆ ಬಿಚ್ಚಿದರು. ಒಂದು ಗೇಣು ಉದ್ದದ ಕೀಲಿ, ಅರ್ಧ ತುಕ್ಕು. "ಹದಿನಾಲ್ಕು ವರ್ಷ ಆಯ್ತು. ತಿರುಗತ್ತೋ ಇಲ್ವೋ. ಎಣ್ಣೆ ಹಾಕು." ಹೊರಟವರು ತಿರುಗಿ ನಿಂತರು. "ಎರಡೂ ಕದ ಅಂದನಾ ನಿನ್ನ ತಮ್ಮ?"

"ಎರಡೂ."

"ಸರಿ. ಎರಡಕ್ಕೂ ಹಾಕು."

ಆ ದಿನವೆಲ್ಲ ಜೆಲಿಂದಾ ಗೇಟಿಗೆ ಆಲಿವ್ ಎಣ್ಣೆ ಕುಡಿಸಿದಳು. ಒಂದೂವರೆ ಲೀಟರ್ ಹೋಯಿತು. ಒಳಗೆ ನಿಂತು ಸರಳುಗಳ ಮಧ್ಯದಿಂದ ಚೌಕವನ್ನು ನೋಡಿದಾಗ, ಐವತ್ತೇಳು ವರ್ಷ ದಿನವೂ ಕಂಡ ಊರು ಹೊಸದೆನಿಸಿತು. ಈ ಕಡೆಯಿಂದ ಅದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.

ನಾಲ್ಕನೆಯ ತಾರೀಕು ಬೆಳಿಗ್ಗೆ ಏಳೂವರೆಗೆ ಚೌಕದಲ್ಲಿ ಇಪ್ಪತ್ತಾರು ಜನ ಸೇರಿದ್ದರು. ಇಪ್ಪತ್ತು ಎಂದದ್ದು ಫೋಸ್ಕೊ. ಗೇಟು ತೆರೆಯುತ್ತದಂತೆ ಎಂಬ ಸುದ್ದಿಗೆ ಆರು ಜನ ಹೆಚ್ಚಾದರು. ಕೆಲವರು ಸ್ಕೂಟರಿನಲ್ಲಿ ಬಂದಿದ್ದರು, ಒಂದಿಬ್ಬರು ಹಬ್ಬದ ಕೋಟು ಹಾಕಿದ್ದರು. ಮಾರ್ಕೇಸಾ ತಾವೇ ಕೀಲಿ ತಿರುಗಿಸಿದರು. ತಿರುಗಲಿಲ್ಲ. ಜೆಲಿಂದಾಳೂ ಕೈ ಹಾಕಿದಳು, ಇಬ್ಬರೂ ಸೇರಿ ಒತ್ತಿದಾಗ ಬೀಗ ಕಳಚಿತು. ಕದಗಳನ್ನು ಹೊರಗಿನಿಂದ ಫೋಸ್ಕೊನೇ ನೂಕಿದ.

ಟೋಪಿ ತಲೆಯ ಮೇಲೇ ಇಟ್ಟುಕೊಂಡು ಬರುತ್ತೇವೆ ಎಂದು ಹಿಂದಿನ ದಿನ ಜಂಬ ಕೊಚ್ಚಿದವರಲ್ಲಿ ಅರ್ಧ ಜನ ಒಳಗೆ ಕಾಲಿಡುವಾಗ ಟೋಪಿ ತೆಗೆದಿದ್ದರು, ಅಭ್ಯಾಸಬಲ. ಒಬ್ಬನಂತೂ ಬೂಟು ಒರೆಸಿಕೊಂಡ. "ಲೋ, ಇದು ರಸ್ತೆ ಕಣೋ, ಚಾಪೆ ಅಲ್ಲ" ಎಂದು ಸಾಂತಿ ಗದರಿದ. ಫೋಸ್ಕೊ ಟೋಪಿ ತೆಗೆಯಲಿಲ್ಲ. ಮಾರ್ಕೇಸಾರ ಕಡೆ ನೋಡಿ ಒಂದು ಸಲ ತಲೆಯಾಡಿಸಿದ, ಅವರೂ ಆಡಿಸಿದರು.

ಕೆಲಸ ಕೆಲಸದ ಹಾಗೆ ನಡೆಯಿತು. ಕಾಗದದ ಉರುಳೆ ಎತ್ತಿ ಪಳಗಿದ ಹೆಗಲುಗಳು, ಮೊದಲ ನಾಲ್ಕು ಕುಂಡಕ್ಕೆ ಎಡವಿದವು, ಆಮೇಲೆ ಹಳೆಯ ಲೆಕ್ಕ ತಾನಾಗಿ ನೆನಪಾಯಿತು. ಜೆಲಿಂದಾ ನಿಂಬೆಮನೆಯ ಬಾಗಿಲಲ್ಲಿ ನಿಂತು ಕೂಗುತ್ತಿದ್ದಳು: ಇದು ಕಿಟಕಿಗೆ, ಇದು ಹಿಂದಕ್ಕೆ, ಅಯ್ಯೋ ನಿಧಾನ, ಅದು ನಿಮ್ಮಜ್ಜನಿಗಿಂತ ದೊಡ್ಡದು, ಮರ್ಯಾದೆಯಿಂದ ಇಳಿಸು. ಮಧ್ಯಾಹ್ನ ಸಾರು ಬೇಡ ಎಂದವರು ಸಾರು ಕುಡಿದರು, ಲಾಯದಲ್ಲಲ್ಲ, ಮುಂದಿನ ಮೆಟ್ಟಿಲ ಮೇಲೆ ಕೂತು. ಬಿಷಪ್ಪರು ಬಂದರೆ ಬೇಕಾದೀತೆಂದು ಇಟ್ಟಿದ್ದ ವೈನನ್ನು ಮಾರ್ಕೇಸಾ ತೆಗೆಸಿದರು. "ಬಿಷಪ್ಪರು ಬರ್ದೇ ಇದ್ದದ್ದು ಒಳ್ಳೇದೇ ಆಯ್ತು" ಎಂದ ಸಾಂತಿ. ಫೋಸ್ಕೊ ನೀರು ಕುಡಿದ.

ಮೂರು ಗಂಟೆಗೆ ತೊಂಬತ್ತಮೂರೂ ಒಳಗಾದವು. ನಿಂಬೆಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಜನ ಕೋಟು ತೊಡುತ್ತಿದ್ದರು. ಫೋಸ್ಕೊ ಬಾವಿಕಟ್ಟೆಯ ಹಿಂದೆ ಹೋಗಿ ನಿಂತ. ತಂತಿ ಬಿಗಿದ ಕುಂಡ ಅಲ್ಲೇ ಇತ್ತು. ಜೆಲಿಂದಾ ಅದಕ್ಕೆ ಬಾಗಿಲ ಪಕ್ಕ ಜಾಗ ಬಿಟ್ಟಿದ್ದಳು.

"ಗಳ ತನ್ನಿ" ಎಂದ. "ಸಾಂತಿ, ನೀನು ಹಿಂದಕ್ಕೆ."

"ಎಪ್ಪತ್ತು ದಾಟಿದೆ ಕಣಯ್ಯಾ ನಂಗೆ!"

"ಅವತ್ತು ಎಲ್ಲಿ ನಿಂತಿದ್ಯೋ ಅಲ್ಲೇ ನಿಲ್ಲು."

ಸಾಂತಿಗೆ ಆಗ ಅರ್ಥವಾಯಿತು. ಹಿಂದಿನ ಗಳಕ್ಕೆ ಹೆಗಲು ಕೊಟ್ಟ. ಅವನ ಪಕ್ಕ ಇಬ್ಬರು ಗಟ್ಟಿಗರು ಸೇರಿಕೊಂಡರು. ಮುಂದಿನ ಎಡ ಹೆಗಲಿಗೆ ಫೋಸ್ಕೊ ನಿಂತ. ಕುಂಡ ಎದ್ದಿತು.

"ನಿಂಬೆಮನೆ ಈ ಕಡೆ ಕಣೋ" ಎಂದಳು ಜೆಲಿಂದಾ.

"ಗೊತ್ತಕ್ಕ."

ಅವರು ಸಾಲುಮರದ ದಾರಿಗೆ ತಿರುಗಿದರು, ಇಳಿಜಾರಿನಲ್ಲಿ ಸಣ್ಣ ಹೆಜ್ಜೆ ಹಾಕುತ್ತ ಗೇಟಿನ ಕಡೆ ನಡೆದರು. ಕೋಟು ತೊಡುತ್ತಿದ್ದವರು ಮೊದಲು ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಮೂವತ್ತೊಂದರ ಮಳೆ ನೆನಪಿದ್ದ ಯಾರೋ ಟೋಪಿ ತೆಗೆದರು, ಈ ಸಲ ಅಭ್ಯಾಸ ಬಲದಿಂದಲ್ಲ. ಉಳಿದವರೂ ತೆಗೆದರು. ಜೆಲಿಂದಾ ಮೇಲುವಸ್ತ್ರವನ್ನು ತಲೆಯ ಮೇಲೆ ಎಳೆದುಕೊಂಡು ಕುಂಡದ ಹಿಂದೆ ನಡೆದಳು. ಹುಟ್ಟಿದ ಮೇಲೆ ಮೊದಲ ಸಲ ಆ ಗೇಟನ್ನು ದಾಟಲಿದ್ದಳು, ಅದರ ಕಡೆ ಅವಳಿಗೆ ಗಮನವೇ ಇರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಪಕ್ಕದಲ್ಲಿ ಬೇಟೆಯ ಕೋಟು ಕಂಡಿತು.

"ಅವತ್ತು ನಾನು ಮೇಲಿನ ಕಿಟಕೀಲಿದ್ದೆ ಜೆಲಿಂದಾ" ಎಂದರು ಮಾರ್ಕೇಸಾ, ಮುಂದೆ ನೋಡುತ್ತಲೇ. "ಪೆಟ್ಟಿಗೆ ಬಿದ್ದದ್ದನ್ನ ನೋಡಿದೆ. ಕೀಲಿ ನಮ್ಮತ್ತೆ ಹತ್ರ ಇತ್ತು." ಐದಾರು ಹೆಜ್ಜೆ ನಡೆದರು. "ಬಾಯಿ ನನ್ನ ಹತ್ರಾನೇ ಇತ್ತು."

ಜೆಲಿಂದಾ ಮೂವತ್ತನಾಲ್ಕು ವರ್ಷ ಈ ಹೆಂಗಸಿಗೆ ನಿಂಬೆ ಕೊಯ್ದು ಕೊಟ್ಟಿದ್ದಳು. ಈಗ ಸಿಟ್ಟು ಬಂತು, ಜೊತೆಗೆ ಎದೆ ಹಗುರವೂ ಆಯಿತು.

"ಇಲ್ಲಿ ಕಲ್ಲು ಎದ್ದಿದೆ" ಎಂದಳು. "ನೋಡ್ಕೊಂಡು ಕಾಲಿಡಿ."

ಕುಂಡ ತೆರೆದ ಎರಡು ಕದಗಳ ನಡುವೆ ಹೊರಗೆ ಹೋಯಿತು. ಕಾಫಿ ಅಂಗಡಿಯ ಮುಂದೆ ಕೂತಿದ್ದವರು ಎದ್ದು ನಿಂತರು. ಚೌಕದ ನಡುವೆ, ಚರ್ಚಿನ ಮೆಟ್ಟಿಲ ಎದುರು, ಫೋಸ್ಕೊ ಇಳಿಸಿ ಎಂದ. ಇಳಿಸಿದರು. ಸಾಂತಿ ಎರಡೂ ಕೈಯಿಂದ ಸೊಂಟ ಹಿಡಿದು ಹೆಸರಿಲ್ಲದ ಒಬ್ಬ ಸಂತನನ್ನು ಬೈದ. ನಾಲ್ಕು ನಿಮಿಷ ಯಾರೂ ಏನೂ ಮಾಡದೆ ನಿಂತಿದ್ದರು. ಫೋಸ್ಕೊನ ತಲೆಯ ಮೇಲೆ ಟೋಪಿ ಇರಲಿಲ್ಲ, ಯಾವಾಗ ತೆಗೆದನೋ ಜೆಲಿಂದಾ ನೋಡಿರಲಿಲ್ಲ. ಆಮೇಲೆ ಅವನು ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡು, "ಎತ್ತಿ, ಚಳಿ ಬೀಳತ್ತೆ" ಎಂದ.

ಅದೇ ದಾರಿಯಲ್ಲಿ ಹತ್ತಿಕೊಂಡು ಬಂದು ಕುಂಡವನ್ನು ನಿಂಬೆಮನೆಯ ಬಾಗಿಲ ಪಕ್ಕ ಬಿಟ್ಟಿದ್ದ ಜಾಗಕ್ಕೆ ಕೂರಿಸಿದರು. ಉಳಿದವರು ಹೊರಗೆ ಹೋದರು. ಒಳಗೆ ಅಕ್ಕ, ತಮ್ಮ, ತೊಂಬತ್ತನಾಲ್ಕು ಗಿಡ. ಜೆಲಿಂದಾ ಬಗ್ಗಿ ತಂತಿಯ ಕೆಳಗೆ ಬೆರಳ ಗೆಣ್ಣಿನಿಂದ ಎರಡು ಸಲ ಕುಟ್ಟಿ ಕಿವಿಗೊಟ್ಟಳು.

"ಏನಂತಾನೆ?" ಎಂದ ಫೋಸ್ಕೊ.

ಅವಳು ಇನ್ನೊಂದು ಸಲ ಕುಟ್ಟಿದಳು.

"ಏನೂ ಬೇಡ ಅಂತಾನೆ" ಎಂದಳು.